ರಾಗಿ ದಂಟಿನ ಹುಳ

...ಅಲ್ಲ ಕಣೇ ಮಗಾ, ಆ ಟ್ಯೂಬ್‌ಲೈಟ್ ಅತ್ರ ಕೂತಿರೋ ಚಿಟ್ಟೆನ ಪಾಪ ಅನ್ಬೇಡ. ಒಣಗಿದ ಉಲ್ಲಿನ ಬಣ್ಣ ಇದ್ಯಲ್ಲ, ಅದರ ಮರಿಉಳನೇ ನನ್ನ ಮರ್ಯಾದೆ ತೆಗೆದಿದ್ದು. ಕೊರೊನಾ ವರ್ಷ. ನಮ್ಮ ಚಂದಾಪುರದ ಒಲ ಎಲ್ಲಾ ಲೇಔಟ್ ಆಗಿ, ನಾನು ಬಾಡಿಗೆಗೆ ಕೊಟ್ಟಿರೋ ಈ ರೂಮ್‌ಗಳ ಇಂದೆ ಅರ್ಧ ಎಕರೆ ಉಳ್ಕೊಂಡಿತ್ತು ನೋಡು, ಅಲ್ಲಿ ರಾಗಿ ಆಕಿದ್ದೆ. ರೂಮಲ್ಲಿದ್ದೋರಿಗೆಲ್ಲಾ ಫ್ಯಾಕ್ಟ್ರಿ ಕೆಲಸ ಓಗಿತ್ತು. ಮಕ್ಳು ಸೊಸೈಟಿ ಅಕ್ಕಿ ಗಂಜಿ ಕುಡ್ಕೊಂಡಿದ್ವು. ನೋಡಕ್ಕಾಗ್ದೆ ಅಂದ್ಬಿಟ್ಟೆ, 'ಯಾರೂ ಊರಿಗೆ ಓಗ್ಬೇಡಿ, ಸುಗ್ಗಿ ಆಗ್ಲಿ, ಮನೆಗೊಂದು ಮೂಟೆ ರಾಗಿ ಕೊಡ್ತೀನಿ' ಅಂತ. ನನ್ನ ಮಾತು ನಂಬಿ ಉಳ್ಕೊಂಡ್ರು.

ಪೈರು ಮೊಣಕಾಲುದ್ದ, ಅಲ್ಲಲ್ಲ, ಅಷ್ಟಿರ್ಲಿಲ್ಲ, ಗೇಣುದ್ದ ಇತ್ತು, ಅಲ್ಲೊಂದು ಇಲ್ಲೊಂದು ನಡುವಿನ ಸುಳಿ ಒಣಗ್ತಾ ಬಂತು. ಎಳ್ದೆ, ಸಲೀಸಾಗಿ ಕೈಗೆ ಬಂತು. ರೋಗ ಕಿತ್ತಾಕ್ದೆ ಅಂದ್ಕೊಂಡು ಇಡೀ ದಿನ ಸುಳಿ ಎಳ್ದು ಒಂದು ಮಂಕರಿ ತುಂಬ್ಸಿ ಬೀಗ್ತಿದ್ದೆ. ಮೂರನೇ ರೂಮಿನ ಶಾಂತವ್ವ, ಕೊಪ್ಪಳದ ಕಡೆಯೋಳು, ಬದುವಿನ ಮೇಲೆ ನಿಂತ್ಕೊಂಡು, 'ಅಮ್ಮಾರ, ಸುಳಿ ಅಷ್ಟ ಕಿತ್ತರ ಏನ್ ಬಂತ್ರಿ? ಹುಳಾ ದಂಟಿನಾಗ ಕುಂತೈತಿ. ನಮ್ಮ ಜ್ವಾಳಕ್ಕೂ ಹಿಂಗ ಆಕ್ಕೈತ್ರಿ. ಬುಡಸಮೇತ ಕಿತ್ತು ಸುಡಬೇಕು' ಅಂದ್ಲು. ನಂಗೆ ಎಲ್ಲಿತ್ತೋ ಸಿಟ್ಟು! 'ಉಟ್ಟಾಗಿಂದ ರಾಗಿ ನೋಡಿದೀನಿ, ಬಾಡಿಗೆಗೆ ಬಂದೋಳು ನಂಗೆ ಏಳ್ಕೊಡ್ತೀಯಾ? ಓಗು, ಓಗು' ಅಂದೆ. ತಲೆ ಬಗ್ಗಿಸ್ಕೊಂಡು ಒಂಟೋದ್ಲು.

ತೆನೆ ಬಂತಾ? ಬಂತು. ಬೆಳ್ಳಗೆ. ಉಜ್ಜಿದ್ರೆ ಕಾಳಿಲ್ಲ, ಬರೀ ಜೊಳ್ಳು. ಎಚ್ಚುಕಮ್ಮಿ ಇಡೀ ಒಲ ಅಂಗೇ. ಒಂದು ದಂಟು ಸೀಳ್ದೆ, ಒಳಗೆ ರೋಜಾ ಬಣ್ಣದ ಉಳ ಆರಾಮಾಗಿ ಮಲಗಿತ್ತು. ಅತ್ಬಿಟ್ಟೆ ಕಣೇ, ಉಳ ಕಂಡಿದ್ದಕ್ಕಲ್ಲ, ನನ್ನ ಬಾಯಿ ನೆನೆಸ್ಕೊಂಡು. ಶಾಂತವ್ವನ ಬಾಗಿಲಲ್ಲಿ ನಿಂತು, 'ನೀನಂದಿದ್ದೇ ಸರಿ ಕಣವ್ವ, ಮೂಟೆ ಕೊಡಕ್ಕಾಗಲ್ಲ' ಅಂದೆ. ಬೈತಾಳೆ ಅಂದ್ಕೊಂಡಿದ್ದೆ. 'ಕುಡಗೋಲು ಕೊಡ್ರಿ, ಬಂದಷ್ಟರಾಗ ಹಂಚ್ಕೊಳ್ಳೂಣು' ಅಂದ್ಲು. ಮೂಟೆ ಅಂದಿದ್ದು ಮನೆಗೊಂದೊಂದು ಮೊರ ಆಯ್ತು. ಮಿಕ್ಕೋರೆಲ್ಲಾ ಅದನ್ನೇ ಬೀಸಿಸ್ಕೊಂಡು ಉಳ್ಕೊಂಡ್ರು. ಕೊನೇ ರೂಮಿನೋರು ಮಾತ್ರ ಆ ಮೊರ ರಾಗಿನ ಬಟ್ಟೇಲಿ ಕಟ್ಕೊಂಡು, ಮೂರು ಮಕ್ಳನ್ನೂ ಕರ್ಕೊಂಡು ಊರಿಗೆ ಒಂಟ್ರು. ಬಸ್ ಸ್ಟಾಪ್‌ವರೆಗೂ ಓಗೋಕೆ ನಂಗೆ ಮುಖ ಇರ್ಲಿಲ್ಲ, ಗೇಟಲ್ಲೇ ನಿಂತ್ಬಿಟ್ಟೆ.

ನೀವೆಲ್ಲಾ ಅಷ್ಟೇ, ಗೊತ್ತಿರೋರು ಏನಾದ್ರೂ ಅಂದ್ರೆ ಕೇಳಿಸ್ಕೊಳ್ಳಿ. ಅವರು ಯಾವ ಊರೋರು, ಎಷ್ಟನೇ ರೂಮೋರು ಅಂತ ನೋಡಕ್ಕೋಗ್ಬೇಡಿ. ಸರಿ, ತಟ್ಟೆ ಇಡ್ರೀ, ಮುದ್ದೆ ಆರೋಗುತ್ತೆ.