ಕಾಣದ ಗಿರಾಕಿಯ ಅಂಗಿ

ಮಧುಗಿರಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಇರುವೆ ಕೆಮ್ಮಿದರೂ ನನಗೆ ಕೇಳಿಸುತ್ತದೆ. ಮೊನ್ನೆ ಪಕ್ಕದ ಬೆಂಚಿನಲ್ಲಿ ಕೊಳಾಲದ ಟೈಲರ್ ಲಕ್ಷ್ಮೀಪತಿ ಕೂತಿದ್ದ. ಜೊತೆಗೆ ನರ್ಸಿಂಗ್ ಓದುವ ಅವನ ತಂಗಿಯ ಮಗಳು ಸಂಘಮಿತ್ರಾ.

"ನನ್ನ ರಕ್ತದಾಗೆ ಎಚ್‌ಐವಿ ಕಾಣ್ತಿಲ್ಲ ಅಂತ ರಿಪೋರ್ಟೇ ಬಂದೈತೆ ಕಣಮ್ಮ. ಇನ್ಯಾಕೆ ಮಾತ್ರೆ? ಊರಿಗೆ ಹೋಗಾನ."

"ಕಾಣ್ತಿಲ್ಲ ಅಷ್ಟೇ ಮಾವ, ಹೋಗಿಲ್ಲ. ಅದು ಜೀವಕೋಶದೊಳಕ್ಕೆ ನುಗ್ಗಿ, ಡಿಎನ್‌ಎ ಥರಾನೇ ತನ್ನದೊಂದು ನಕಲು ಮಾಡಿ, ನಮ್ಮ ಡಿಎನ್‌ಎಗೇ ಸೇರಿಸಿಬುಡ್ತದೆ."

"ಅಂಗಂದ್ರೆ?"

"ಯಾವನೋ ಗಿರಾಕಿ ಬಂದು, ತನ್ನ ಅಂಗಿ ಮಾದರೀನ ನಿನ್ನ ರಟ್ಟಿನಾಗೇ ಕತ್ತರಿಸಿ, ನೀನು ಬಟ್ಟೆ ಕತ್ತರಿಸೋಕೆ ಇಟ್ಕೊಂಡಿರೋ ರಟ್ಟುಗಳ ಮಧ್ಯೆ ಹೊಲಿದಿಟ್ಟಂಗೆ."

"ಆಮೇಲೆ ನಾನು ಗೊತ್ತಿಲ್ದೆ ಅವನಂಗೀನೇ ಹೊಲೀತಿರ್ತೀನಾ? ನನ್ನ ಮಿಷಿನ್ನು, ನನ್ನ ದಾರ?"

"ಹೂಂ. ಅವನು ಇನ್ನೊಂದು ಅಂಗಡೀಲಿ, ಅಂದ್ರೆ ಇನ್ನೊಂದು ಜೀವಕೋಶದಾಗೆ, ಮಾದರಿ ಇಡದಂಗೆ ಮಾತ್ರೆ ತಡೀತದೆ. ಇಟ್ಟಿರೋದು ಅಲ್ಲೇ ಇರ್ತದೆ. ಮಾತ್ರೆ ಬಿಟ್ರೆ ಮತ್ತೆ ಶುರು."

ಲಕ್ಷ್ಮೀಪತಿ ರಿಪೋರ್ಟನ್ನು ಬಿಡಿಸಿ ಹಿಡಿದು ದಿಟ್ಟಿಸಿ ನೋಡಿದ. ಅದರಲ್ಲೇನಿದೆ ಅಂತ ಮಧುಗಿರಿ ಬೆಟ್ಟವೇ ಒಂದು ಗೇಣು ಬಗ್ಗಿ ಇಣುಕಿತು, ನಾನೇ ಸಾಕ್ಷಿ.

"ಕತ್ರಿ ಇಲ್ಲ, ಕೈಯಿಲ್ಲ, ಎಂಥಾ ಕಸುಬುದಾರ ಕಣಮ್ಮ ಅದು," ಎಂದ ಮೆಲ್ಲಗೆ.

ಕೊಳಾಲದ ಬಸ್ಸು ಬಂತು. ಅವನು ಹತ್ತಲಿಲ್ಲ.

"ನಡಿ ನಡಿ, ಮಾತ್ರೆ ಕೊಡೋರು ಊಟಕ್ಕೆ ಎದ್ದೋಗ್ತಾರೆ," ಎನ್ನುತ್ತ ಅವಳಿಗಿಂತ ಮುಂದಾಗಿ ಆಸ್ಪತ್ರೆ ಕಡೆ ಹೊರಟ.