ಮೂರು ಸಲ ಜಗ್ಗಿದರೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ. ಏಳನೇ ಕ್ಲಾಸಿನ ಗಣಿತ ಪರೀಕ್ಷೆ ಇತ್ತು, ನಾನು ಬಸ್ ಸ್ಟ್ಯಾಂಡಿನ ಕಡೆ ತಿರುಗಿದೆ. ಆಮೇಲೆ ಕಾಲು ಒಂದು ಕಡೆ ನಿಲ್ಲಲಿಲ್ಲ. ಲಾರಿ ತೊಳೆದೆ, ಹಡಗಿಗೆ ಬಣ್ಣ ಬಳಿದೆ, ಕೊನೆಗೆ ದೊಡ್ಡಮ್ಮನ ಮಗ ಇದ್ದ ಬೆಟ್ಟದ ಊರಿಗೆ ಬಂದು ಬಿದ್ದೆ. ಈಗ ಹೇಳೋದು ಅಲ್ಲಿ ನಡೆದದ್ದು. ದೀಪ ಸ್ವಲ್ಪ ಸಣ್ಣ ಮಾಡಿ.

ಸಣ್ಣ ಊರು. ಒಂದೇ ಬೀದಿ, ಮರದ ಬಾಲ್ಕನಿಗಳು, ಪ್ರತಿ ಕಿಟಕಿಯಲ್ಲೂ ಹೂಕುಂಡ. ಪ್ರವಾಸಿಗಳು ಎಷ್ಟು ಚಂದ ಅಂತ ಫೋಟೋ ಹೊಡ್ಕೊಳ್ಳೋರು, ಆಮೇಲೆ ಧೈರ್ಯ ತೋರಿಸೋಕೆ ಅಣ್ಣನ ಹತ್ರ ಬರೋರು. ಸೊಂಟಕ್ಕೆ ಹಗ್ಗ ಕಟ್ಟಿ ಜಲಪಾತದ ಪಕ್ಕ ಕೆಳಗಿನ ಚಪ್ಪಟೆ ಬಂಡೆಗೆ ಇಳಿಸೋದು, ಮತ್ತೆ ಎತ್ತೋದು ಅವನ ಕೆಲಸ. ನೀರಿನ ಅಬ್ಬರಕ್ಕೆ ಕೆಳಗಿಂದ ಕೂಗಿದರೆ ಕೇಳದು. ಹಾಗಾಗಿ ಹಗ್ಗವೇ ಮಾತು. ಒಂದು ಸಲ ಜಗ್ಗಿದರೆ, ನಿಲ್ಲಿಸು. ಎರಡು ಸಲ, ಇಳಿಸು. ಮೂರು ಸಲ, ಎತ್ತು. ಕೆಳಗೆ ಜಗ್ಗಿದರೆ ಮೇಲೆ ರಾಟೆ ಕಬ್ಬಿಣದ ಕಂಬಕ್ಕೆ ಬಡಿಯುತ್ತಿತ್ತು. ಟಣ್... ಟಣ್... ಟಣ್.

ಅಣ್ಣನಿಗೊಂದು ಚಾಳಿ. ಮೂರು ಜಗ್ಗಿದ ಕೂಡಲೇ ಎತ್ತುತ್ತಿರಲಿಲ್ಲ. ಸಿಗರೇಟು ಹಚ್ಚೋನು. ಕೆಳಗಿನವರು ಹೆದರಿ ಮತ್ತೆ ಮತ್ತೆ ಜಗ್ಗಬೇಕು, ಇವನು ನಗಬೇಕು. ಮೇಲೆ ಬಂದ ಮೇಲೆ ಅವರೂ ನಗೋರು.

ನಾನು ಬಂದ ಮೊದಲ ವರ್ಷ ಒಬ್ಬರು ಗಣಿತದ ಮೇಷ್ಟ್ರು ಇಳಿದಿದ್ದರು. ಮೂರು ಜಗ್ಗಿದರು. ಅಣ್ಣ ಸಿಗರೇಟು ಹಚ್ಚಿದ. ಸೇದಿ ಮುಗಿಸಿ ಎತ್ತಿದಾಗ ಮೇಷ್ಟ್ರ ಎದೆ ನಿಂತಿತ್ತು. ಪೊಲೀಸರು ಹಾರ್ಟ್ ಅಟ್ಯಾಕ್ ಅಂತ ಬರೆದುಕೊಂಡು ಹೋದರು. ಸಿಗರೇಟಿನ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಆವತ್ತಿನಿಂದ... ಎಲ್ಲರೂ ಮೇಲೆ ಬಂದು, ಖಾಲಿ ಹಗ್ಗ ತೂಗುತ್ತಿರುವಾಗ... ಟಣ್. ಟಣ್. ಟಣ್.

ಮೊದಲ ಸಲ ಎತ್ತಿದೆವು. ಅರ್ಧ ದಾರಿವರೆಗೂ ಒಬ್ಬ ಆಳಿನ ಭಾರ ಇತ್ತು... ಆಮೇಲೆ ಇಲ್ಲ. ಖಾಲಿ ಹಗ್ಗ ಜಗ್ಗಿದರೆ ಮುಟ್ಟಬೇಡ, ಯಾರಿಗೂ ಹೇಳಲೂಬೇಡ ಅಂದ ಅಣ್ಣ.

ಜೀಪಿನ ಭಾವನಿಗೂ ಹೇಳಲಿಲ್ಲ. ಅತ್ತಿಗೆಯ ಅಣ್ಣ ಅವನು, ಪ್ರವಾಸಿಗಳನ್ನು ಜೀಪಿನಲ್ಲಿ ತಂದು ಬಿಡೋನು. ನನ್ನ ಕಂಡರೆ ಸಾಕು, ಏನಪ್ಪಾ, ಇನ್ನೂ ಓಡಿಹೋಗಿಲ್ವಾ ಅನ್ನೋನು. ಅವನಿಗೆ ಹೇಳಿದರೆ ಸಿಗರೇಟಿನದ್ದೂ ಹೇಳಬೇಕಾಗುತ್ತಿತ್ತು.

ಒಂದು ಶನಿವಾರ ಸಂಜೆ ಕೊನೆಯ ಗುಂಪನ್ನು ಅವನು ಕರ್ಕೊಂಡು ಹೋದ. ದಟ್ಟ ಮಂಜು ಇಳಿಯಿತು. ನಾವು ಕಂಬದ ಪಕ್ಕದ ಶೆಡ್ಡಿನಲ್ಲಿ ಹೆಲ್ಮೆಟ್ ಒರೆಸುತ್ತಿದ್ದೆವು. ಆಮೇಲೆ ಗೊತ್ತಾಯಿತು, ಒಬ್ಬಾಕೆ ಕೆಳಗಿನ ಬಂಡೆಯ ಮೇಲೆ ಫೋನು ಮರೆತಿದ್ದಳಂತೆ, ಭಾವ ತರೋಕೆ ವಾಪಸ್ ಬಂದಿದ್ದ. ಮಂಜಿನಲ್ಲಿ ಯಾರೂ ಇಳಿಯಬಾರದು ಅಂತ ಅಣ್ಣನ ಕಟ್ಟಪ್ಪಣೆ. ಕೇಳಿದರೆ ಬಿಡಲ್ಲ ಅಂತ ಕೇಳದೇ ಇಳಿದ. ಹಗ್ಗ ಹಿಡಿದು ಜಾರಿ ಇಳಿಯೋಕೆ ಒಬ್ಬನೇ ಸಾಕು. ಹತ್ತೋಕೆ ಮೇಲೆ ಜನ ಬೇಕು. ನಾವಿದ್ದೀವಲ್ಲ ಅಂತ ಅವನ ಧೈರ್ಯ.

ಟಣ್. ಟಣ್. ಟಣ್.

ಅಣ್ಣ ನನ್ನ ಮುಖ ನೋಡಿದ. "ಒರೆಸು," ಅಂತ ಪಿಸುಗುಟ್ಟಿದ.

ಒರೆಸಿದೆ. ಮೂರು... ಬಿಡುವು... ಮತ್ತೆ ಮೂರು. ಯಾವತ್ತೂ ಹೀಗೆ ಬಿಡದೆ ಜಗ್ಗಿದ್ದಿಲ್ಲ.

"ಅಣ್ಣಾ, ಒಂದ್ಸಲ ನೋಡೋಣ್ವಾ?"

"ಮೇಷ್ಟ್ರ ಹತ್ರ ಗಣಿತ ಹೇಳಿಸ್ಕೊಳ್ಬೇಕಾ? ಹೋಗು."

ಹೋಗಲಿಲ್ಲ. ಸುಮಾರು ಒಂದು ಗಂಟೆ ಬಡಿಯಿತು. ಆಮೇಲೆ ಎರಡೆರಡೇ. ಆಮೇಲೆ ಒಂದು. ಒಂದು ಅಂದರೆ ನಿಲ್ಲಿಸು... ನಾವು ಶುರುವೇ ಮಾಡಿರಲಿಲ್ಲವಲ್ಲ.

ಮನೆಗೆ ಹೋಗುವಾಗ ತಿರುವಿನಲ್ಲಿ ಜೀಪು ನಿಂತಿತ್ತು. ಲೈಟು ಉರಿಯುತ್ತಿತ್ತು, ಒಳಗೆ ಯಾರೂ ಇಲ್ಲ. ಅಣ್ಣ ನೋಡಿದ. ನಾನೂ ನೋಡಿದೆ. ವಾಪಸ್ ಹೋದರೆ ಇಷ್ಟು ಹೊತ್ತು ಕೇಳಿಸಿಕೊಂಡು ಕೂತಿದ್ದೆವು ಅಂತ ಒಪ್ಪಿಕೊಂಡ ಹಾಗೆ. ಇಬ್ಬರೂ ಜೀಪು ದಾಟಿ ಬಂದೆವು. ತಮ್ಮ ಅಣ್ಣ ಎಲ್ಲಿ ಅಂತ ಅತ್ತಿಗೆ ಕೇಳಿದ್ದಕ್ಕೆ ಅಣ್ಣ, ಎಲ್ಲೋ ಕುಡಿದು ಬಿದ್ದಿರ್ತಾನೆ ಅಂತ ಹೇಳಿ ಊಟಕ್ಕೆ ಕೂತ. ಎರಡು ಸಲ ಬಡಿಸಿಕೊಂಡ.

ಬೆಳಗ್ಗೆಯಾದರೂ ಭಾವ ಬರಲಿಲ್ಲ ಅಂತ ಅತ್ತಿಗೆಯೂ ಜೊತೆಗೆ ಬಂದರು. ಎತ್ತಿದೆವು. ಭಾವನ ಸೊಂಟಕ್ಕೆ ಹಗ್ಗ ಸರಿಯಾಗಿ ಬಿಗಿದಿತ್ತು. ಮೈ ಮರಗಟ್ಟಿತ್ತು. ಎರಡೂ ಕೈ ಜರ್ಕಿನ್ ಜೇಬಿನೊಳಗೆ.

ಅಣ್ಣನ ಮುಖ ಅರಳಿತು. ನನ್ನ ಕಿವಿಯಲ್ಲಿ ಹೇಳಿದ, "ಕೈ ಜೇಬಲ್ಲಿದೆ ನೋಡು. ಜಗ್ಗಿದ್ದು ಇವನಲ್ಲ."

ಅತ್ತಿಗೆಗೆ ಕೇಳಿಸಿತು. ಮಂಡಿಯೂರಿ ಕೂತು ತಮ್ಮ ಅಣ್ಣನ ಕೈ ಹೊರಗೆ ತೆಗೆಯೋಕೆ ನೋಡಿದರು. ಬರಲಿಲ್ಲ. ಎರಡೂ ಜೇಬಿನ ಜಿಪ್ಪು ಮಣಿಕಟ್ಟಿನವರೆಗೆ ಎಳೆದಿತ್ತು, ಹೊರಗಿನಿಂದ. ಒಂದನ್ನ ಅವನೇ ಎಳ್ಕೊಂಡಿರಬಹುದು. ಇನ್ನೊಂದು? ಸುಳ್ಳು ಅನ್ನೋದಾದರೆ ಅನ್ನಿ. ಆ ಎರಡು ಜಿಪ್ಪು ಬಿಡಿಸಿದ್ದು ಈ ಕೈ.

ಅವತ್ತೇ ಮಧ್ಯಾಹ್ನ ಬಟ್ಟೆ ಚೀಲಕ್ಕೆ ತುರುಕುತ್ತಿದ್ದೆ. ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು.

"ನಿನಗೂ ಕೇಳಿಸಿತ್ತು, ಅಲ್ವಾ?"

ಚೀಲದ ಬಾಯಿ ಕಟ್ಟಿದೆ. ಗಂಟು ಸರಿ ಬರಲಿಲ್ಲ ಅಂತ ಬಿಚ್ಚಿ, ಮತ್ತೆ ಕಟ್ಟಿದೆ.