ನಾಲ್ಕನೇ ಶೀಟು

ಯಾಕೋ ನಗ್ತೀಯ? ...ಅಯ್ಯೋ, ನಗು ಅಲ್ವಾ ಅದು? ಹಲ್ಲು ಕಚ್ಕೊಂಡಿದ್ದೀಯ. ತಡಿ, ಪರದೆ ಎಳೀತೀನಿ, ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂದ್ಯಲ್ಲ. ಈಗ? ತಲೆನೋವು ಕಮ್ಮಿ ಆಯ್ತಾ? ಅಬ್ಬಾ, ಮೈ ಕಾದ ಹೆಂಚಾಗಿದೆಯಲ್ಲೋ!

ಸ್ವಲ್ಪ ಹೊರಳು ಗುಂಡಾ, ಅಕ್ಕ ಶೀಟು ಬದಲಾಯಿಸ್ತೀನಿ. ನಾಲ್ಕನೇದು ಇದು. ಹಂಗೆ ನೋಡಬೇಡ! ಈ ಆಸ್ಪತ್ರೆ ಲಾಂಡ್ರೀಲಿ ಹದಿನೆಂಟು ವರ್ಷ ಜೀವ ತೇದಿದ್ದೀನಿ, ಸ್ವಂತ ತಮ್ಮನಿಗೆ ನಾಲ್ಕು ಒಗೆದ ಶೀಟು ಸಿಗಲ್ವಾ? ಬೇರೆಯವರಾಗಿದ್ರೆ ಸಿಸ್ಟರ್‌ನ ಗೋಗರೀಬೇಕಿತ್ತು. ನಾವು ಯಾರನ್ನೂ ಕೇಳಬೇಕಾಗಿಲ್ಲ. ಯಾರಿಗೂ ಗೊತ್ತೂ ಆಗಲ್ಲ.

ಹೂಂ, ಸಿಸ್ಟರ್ ಕೇಳಿದ್ರು. ಬೆನ್ನ ಹತ್ರ ಒದ್ದೆ ಏನಾದ್ರೂ ಇದೆಯಾ ಅಂತ. ಮೈ ಒರೆಸುವಾಗ ನೀರು ಚೆಲ್ತು ಅಂದೆ. ಮತ್ತೇನು ಹೇಳಲಿ? ಆಪರೇಷನ್ ಆದ ದಿನವೇ ಡಾಕ್ಟ್ರು ಹೇಳಿರಲಿಲ್ವಾ, ಬೆನ್ನುಮೂಳೆ ಒಳಗಿನ ಪೊರೆ ಹರಿದಿತ್ತು, ಹೊಲಿದಿದ್ದೀವಿ, ಐದು ದಿನ ಮಟ್ಟಸವಾಗಿ ಮಲಗಿರಲಿ, ಗಾಯದಿಂದ ತಿಳಿನೀರಿನ ಹಂಗೆ ಸೋರಿದ್ರೆ ತಕ್ಷಣ ಹೇಳಿ, ಸೋಂಕು ಮಿದುಳಿಗೇರಿದ್ರೆ ಜ್ವರ ಬಂದು ಕತ್ತು ಸೆಟೆಯುತ್ತೆ, ಮತ್ತೆ ಬಿಚ್ಚಿ ಹೊಲೀಬೇಕಾಗಬಹುದು ಅಂತ! ನೀನೇ ನನ್ನ ಕೈ ಹಿಡ್ಕೊಂಡು "ಅಕ್ಕಾ, ಇನ್ನೊಂದು ಸಲ ಕೊಯ್ಯಿಸಬೇಡ" ಅಂದೆ. ಅಂದೆ ತಾನೇ? ...ಅಂದೆ ಕಣೋ. ಡಾಕ್ಟ್ರು ಈಗ ಬರ್ತಾರೆ. ಅವರ ಮುಂದೆ ಅದೊಂದು ಮಾತು ಹೇಳ್ಬಿಡು.

ಕೈ ಯಾಕೆ ಬಿಡಿಸ್ಕೊಂಡೆ?

ಸರಿ. ನೀನು ಹಾಗನ್ನಲಿಲ್ಲ. "ಸಿಸ್ಟರ್‌ಗೆ ಹೇಳಕ್ಕಾ" ಅಂದೆ.

ಮಟ್ಟಸವಾಗಿ ಮಲಗಿದ್ದವನನ್ನ ಎಬ್ಬಿಸಿ ಕೂರಿಸಿದ್ದು ನಾನು. ನಿನ್ನ ಮಗಳು ನೋಡೋಕೆ ಬರ್ತಾಳೆ, ಅಪ್ಪನ ತಲೆ ಕೆದರಿದ್ರೆ ಹೆದರ್ಕೋತಾಳೆ ಅಂತ... ಒಂದು ತಲೆ ಬಾಚೋದಕ್ಕೋಸ್ಕರ! ನೀನು ಬೇಡ ಬೇಡ ಅಂದೆ. ಎರಡೇ ನಿಮಿಷ ಇರೋ ಅಂತ ಗದರಿದೆ. ಆವತ್ತು ಸಾಯಂಕಾಲ ಶೀಟು ನೋಡಿದೆ. ನೀರಿನ ಕಲೆ ನನಗೆ ಗೊತ್ತಾಗಲ್ವಾ? ನಡುವೆ ರಕ್ತದ ಬೊಟ್ಟು, ಸುತ್ತ ತೆಳ್ಳಗೆ ಒಂದು ಬಳೆ. ಡಾಕ್ಟ್ರು ಹೇಳಿದ್ದ ಸೋರಿಕೆನೇ ಅದು. ಕೂರಿಸಿದ್ದು ಯಾರು ಅಂತ ಕೇಳ್ತಾರಲ್ಲ... ನಾನೇ ಒಯ್ದು ನಾನೇ ಒಗೆದೆ. ಅಷ್ಟು ಬೆಳ್ಳಗೆ ಯಾವತ್ತೂ ಒಗೆದಿಲ್ಲ ಕಣೋ.

ಡಾಕ್ಟ್ರು ಬಂದ್ರು ನೋಡು, ಬಾಗಿಲ ಹತ್ರ ಇದ್ದಾರೆ. ಕತ್ತು ಈ ಕಡೆ ತಿರುಗಿಸು... ಯಾಕೆ ಹೀಗೆ ಕೊರಡಿನ ಹಾಗೆ ಸೆಟೆದಿದೆ? ಗುಂಡಾ! ಬೈಯೋ ನನ್ನ! ಏನಕ್ಕಾ ಮಾಡ್ದೆ ಅನ್ನು, ಏನಾದ್ರೂ ಅನ್ನೋ...

ಡಾಕ್ಟ್ರೇ, ಇಲ್ಲಿ ಬನ್ನಿ... ಅದು ನೀರಲ್ಲ ಡಾಕ್ಟ್ರೇ. ಮೂರು ದಿನದಿಂದ ಅದು ನೀರಲ್ಲ.